ಕೋಡಿ ಹಳ್ಳ ಇದ್ದ ಜಾಗ

ನಮ್ಮೂರ ಕೆರೆ ಒಡೆದ ಬೆಳಿಗ್ಗೆ ನಾನು ಬಸ್ಸಿಗೆ ಕಾಯುತ್ತಿದ್ದೆ. ಮೂರು ದಿನ ಬಿಡದೆ ಸುರಿದ ಮಳೆ ಅವತ್ತು ನಿಂತು ಬಿಸಿಲು ಬಂದಿತ್ತು. ಅರಕಲಗೂಡಿಗೂ ಹೊಳೆನರಸೀಪುರಕ್ಕೂ ನಡುವೆ ಇರುವ ಸಣ್ಣ ಊರು ನಮ್ಮದು. ನಾನು ಹೊಳೆನರಸೀಪುರದ ಒಂದು ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುತ್ತೇನೆ. ಪಕ್ಕದಲ್ಲಿ ನಿಂತಿದ್ದವರು ಹಾಸನದ ಆಸ್ಪತ್ರೆಯಲ್ಲಿ ನರ್ಸು. ಊರಿಗೆಲ್ಲ ಅವರು ಸಿಸ್ಟರ್, ನನಗೂ ಸಿಸ್ಟರ್. ಅವರಿಗೆ ನಾನು ಟೀಚರ್. ಹದಿನೆಂಟು ವರ್ಷದಿಂದ ಒಂದೇ ಬಸ್ಸು, ಜಾಗ ಸಿಕ್ಕಿದರೆ ಒಂದೇ ಸೀಟು. ನನ್ನ ಮೈಗ್ರೇನಿಗೆ ಯಾವ ಮಾತ್ರೆ ಒಗ್ಗುತ್ತದೆ ಅಂತ ನನ್ನ ಗಂಡನಿಗೆ ಗೊತ್ತಿಲ್ಲ, ಅವರಿಗೆ ಗೊತ್ತು. ಆದರೆ ನಾನು ಮೇಲಿನ ಬೀದಿಯವಳು, ಅವರು ಕೆಳಗಿನ ಬೀದಿಯವರು. ಬಸ್ಸು ಇಳಿದ ಮೇಲೆ ಅವರವರ ದಾರಿ. ಒಬ್ಬರ ಮನೆ ಹೊಸ್ತಿಲನ್ನು ಇನ್ನೊಬ್ಬರು ದಾಟಿದ್ದಿಲ್ಲ.

ಎದುರಿನ ಕೆರೆ ಏರಿಯ ಮೇಲೆ ಏಳೆಂಟು ಗಂಡಸರು ಮರಳು ಮೂಟೆ ಹಾಕುತ್ತಿದ್ದರು. ಅವರಲ್ಲಿ ಒಬ್ಬ ಕೂಗಿದ. ಆಮೇಲೆ ಎಲ್ಲರೂ ಕೂಗಿಕೊಂಡು ಎರಡೂ ಕಡೆಗೆ ಚೆದುರಿ ಓಡಿದರು. ಲಾರಿಯಿಂದ ಜಲ್ಲಿ ಸುರಿದಂಥ ಸದ್ದಾಯಿತು. ನೋಡುತ್ತಿದ್ದ ಹಾಗೆಯೇ ಏರಿಯ ನಡುವಿನ ಒಂದು ತುಂಡು ಮಣ್ಣು, ಅದರ ಮೇಲಿದ್ದ ಹೊಂಗೆ ಮರದ ಸಮೇತ, ಕುಸಿದು ಕೂತಿತು. ಅಲ್ಲಿಂದ ಕೆಂಪು ನೀರು ಕೆಳಗಿನ ಬೀದಿಯ ಕಡೆಗೆ ನುಗ್ಗಿತು.

ಸಿಸ್ಟರ್ ಚಪ್ಪಲಿ ಬಿಟ್ಟು ಓಡಿದರು. ಮನೆಯಲ್ಲಿ ಅವರ ಅತ್ತೆ ಒಬ್ಬರೇ ಇದ್ದರು, ಮಂಡಿ ನೋವಿನವರು. ನಾನು ಹಿಂದೆ ಓಡಿ ಅವರ ತೋಳು ಹಿಡಿದುಕೊಂಡೆ.

"ಬಿಡಿ ಟೀಚರ್."

ಬಿಡಲಿಲ್ಲ. ಕೆಳಗೆ ಹಂಚಿನ ಮನೆಗಳ ಸೂರಿನವರೆಗೂ ನೀರು ಏರಿತ್ತು. ಪಾತ್ರೆ, ಪ್ಲಾಸ್ಟಿಕ್ ಕುರ್ಚಿ, ಹುಲ್ಲಿನ ಮೆದೆ ತಿರುಗುತ್ತಾ ಹೋಗುತ್ತಿದ್ದವು. ಹಗ್ಗಕ್ಕೆ ಕಟ್ಟಿದ್ದ ದನಗಳು ಸ್ವಲ್ಪ ಹೊತ್ತು ಅರಚಿದವು, ಆಮೇಲೆ ಅರಚಲಿಲ್ಲ. ಆಗ ನಾನು ಒಂದು ಮಾತು ಆಡಿದೆ. ಇವತ್ತಿಗೂ ಅದನ್ನು ನೆನೆಸಿಕೊಂಡರೆ ಮೈ ಬಿಸಿಯಾಗುತ್ತದೆ. "ಇನ್ನು ಬಸ್ಸು ಬರಲ್ಲ ಅನ್ಸುತ್ತೆ" ಅಂದೆ. ಸಿಸ್ಟರ್ ನನ್ನ ಮುಖ ನೋಡಿದರು. ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ನಾನಂತೂ ಟಿಫನ್ ಬ್ಯಾಗನ್ನು ಎದೆಗೆ ಅವುಚಿಕೊಂಡು ನಿಂತೇ ಇದ್ದೆ.

ಮಧ್ಯಾಹ್ನದ ಹೊತ್ತಿಗೆ ಕೆರೆ ಬರಿದಾಯಿತು. ಮನುಷ್ಯರಲ್ಲಿ ಯಾರೂ ಸತ್ತಿರಲಿಲ್ಲ. ಕೂಗು ಕೇಳಿದ ಕೂಡಲೇ ಪಕ್ಕದ ಮನೆಯವರು ಸಿಸ್ಟರ ಅತ್ತೆಯನ್ನು ಬೆನ್ನ ಮೇಲೆ ಹೊತ್ತು ಸಮುದಾಯ ಭವನದ ತಾರಸಿ ಹತ್ತಿಸಿದ್ದರು. ಅಜ್ಜಿ ಅಲ್ಲಿ ಕಾಲು ಚಾಚಿ ಕೂತು, ಸೊಸೆಯನ್ನು ಕಂಡವರೇ ಕೇಳಿದರು: "ಅಸ ಬಿಚ್ಚಿದ್ರಾ?" ಕಟ್ಟಿದ್ದ ಹಸುವನ್ನು ಯಾರೂ ಬಿಚ್ಚಿರಲಿಲ್ಲ; ಸಿಸ್ಟರ್ ಇಲ್ಲವೆಂದು ತಲೆಯಾಡಿಸಿದರು.

ಮೊದಲ ಎರಡು ದಿನ ನಾವು ಮೇಲಿನ ಬೀದಿಯವರು ಸಹಾಯ ಅಂದುಕೊಂಡು ಮಾಡಿದ್ದೆಲ್ಲ ಅನ್ನ, ಎಳನೀರು ಹಂಚಿದ್ದೇ. ಎಲ್ಲರ ಮನೆಯಿಂದಲೂ ಚಿತ್ರಾನ್ನ, ಪುಳಿಯೋಗರೆ. ಹಾಸನದಿಂದ, ಚನ್ನರಾಯಪಟ್ಟಣದಿಂದ ಬಂದವರದೂ ಅದೇ. ತಿನ್ನುವವರಿಗಿಂತ ತಂದವರೇ ಹೆಚ್ಚಾಗಿ, ಅನ್ನ ಹಳಸಿ ರಸ್ತೆ ಬದಿಯಲ್ಲಿ ರಾಶಿ ಬಿತ್ತು. ಒಂದು ಟೆಂಪೋ ತುಂಬ ಹಳೆ ಬಟ್ಟೆ ಬಂತು. ಅದರಲ್ಲಿ ಮದುವೆ ಗಂಡಿನ ಕೋಟು, ಜರಿ ಲಂಗ, ಒಂದೇ ಕಾಲಿನ ಶೂ. ಮೂರನೆಯ ದಿನ ನಾನೂ ಬೀರುವಿನಿಂದ ಎರಡು ಸೀರೆ ತೆಗೆದು, ಇಸ್ತ್ರಿ ಮಾಡಿ ಒಯ್ದೆ.

ಸಿಸ್ಟರ ಮನೆಯೊಳಗೆ ಅವತ್ತೇ ನಾನು ಮೊದಲು ಕಾಲಿಟ್ಟದ್ದು. ಮೊಣಕಾಲುದ್ದ ಕೆಸರು. ವರ್ಷಕ್ಕಾಗುವ ರಾಗಿ ಮೂಟೆಗಳು ನೀರು ಕುಡಿದು ಹಿಗ್ಗಿ, ಹೊಲಿಗೆ ಬಿಟ್ಟು, ಒಳಗೇ ಮೊಳಕೆಯೊಡೆದಿದ್ದವು. ಹುಳಿ ವಾಸನೆ. ಮೂಟೆ ಮುಟ್ಟಿದರೆ ಜ್ವರ ಬಂದ ಮೈಯ ಹಾಗೆ ಬಿಸಿ. ಸಿಸ್ಟರ್ ಕೈಯಲ್ಲಿ ಊಟದ ತಟ್ಟೆ ಹಿಡಿದು ಅದರಿಂದಲೇ ಕೆಸರು ಎತ್ತಿ ಹಾಕುತ್ತಿದ್ದರು. ನಾನು ಸೀರೆ ಚಾಚಿದೆ.

"ಸೀರೆ ಬೇಡ ಟೀಚರ್. ಒಂದು ಸಲಿಕೆ ಇದ್ರೆ ಕೊಡಿ. ಬಕೆಟ್ ಕೊಡಿ. ನಮ್ಮನೇದು ನಾನು ತೆಗೆದಾಯ್ತು, ಮಿಕ್ಕೋರು ಗುಡಿಸೋಕೆ ಮುಂಚೆ ಪ್ರತಿ ಮನೇದೂ ಫೋಟೋ ತೆಗೀರಿ, ಆಮೇಲೆ ಪರಿಹಾರಕ್ಕೆ ಅರ್ಜಿ ಹಾಕುವಾಗ ಬೇಕಾಗುತ್ತೆ." ತಟ್ಟೆಯ ಕೆಸರನ್ನು ಹೊರಗೆ ಸುರಿದು ಮೆಲ್ಲಗೆ ಹೇಳಿದರು, "ಹೆಂಗಸರು ಸ್ನಾನ ಮಾಡಿ ಮೂರು ದಿನ ಆಯ್ತು. ಬಚ್ಚಲು ಯಾವುದೂ ಉಳಿದಿಲ್ಲ. ನಿಮ್ಮನೇಲಿ ಆಗುತ್ತಾ?"

ನಮ್ಮ ಬಚ್ಚಲುಮನೆ ಅಡುಗೆಮನೆಯ ಹಿಂದೆ ಇದೆ. ಜಗಲಿ, ಪಡಸಾಲೆ, ದೇವರ ಕೋಣೆ ದಾಟಿಕೊಂಡು ಹೋಗಬೇಕು. ನಾನು ಉತ್ತರ ಕೊಡಲು ತಡಮಾಡಿದೆ. ಎಷ್ಟು ಹೊತ್ತು? ಒಂದು ಉಸಿರಿನಷ್ಟು ಇರಬಹುದು. ಅಷ್ಟರಲ್ಲಿ ಸಿಸ್ಟರ್ ತಲೆ ತಗ್ಗಿಸಿ ಮತ್ತೆ ಕೆಸರು ಎತ್ತತೊಡಗಿದ್ದರು. "ಬನ್ನಿ" ಅಂದೆ. "ಎಲ್ಲರೂ ಬನ್ನಿ." ಆದರೆ ಆ ಒಂದು ಉಸಿರನ್ನು ಅವರೂ ಕಂಡಿದ್ದರು, ನಾನೂ ಕಂಡಿದ್ದೆ. ಕೆರೆ ಒಡೆದದ್ದಕ್ಕಿಂತ ಹೆಚ್ಚಾಗಿ ನಾನು ಬೆಚ್ಚಿದ್ದು ಅಲ್ಲಿ.

ನನ್ನ ಅತ್ತೆ ತಕರಾರು ತೆಗೆಯುತ್ತಾರೆ ಅಂದುಕೊಂಡಿದ್ದೆ. ಅವರು ದೇವರ ಕೋಣೆಯ ಬಾಗಿಲು ಹಾಕಿದರು. ಆಮೇಲೆ ಹಿತ್ತಿಲಿಗೆ ಹೋಗಿ ಸೌದೆ ತಂದು ಹಂಡೆಗೆ ಒಲೆ ಹಚ್ಚಿದರು. ಎರಡೂ ಕೆಲಸ ಮಾಡುವಾಗ ಒಂದೇ ಮುಖ.

ಸ್ಕೂಲಿಗೆ ರಜೆ ಹಾಕಿ ಒಂದು ವಾರ ಸಿಸ್ಟರ್ ಹೇಳಿದ ಹಾಗೆ ಕೇಳಿದೆ. ಕೆಸರಿನ ಮನೆಗಳಲ್ಲಿ ಮೊದಲು ಮೇನ್ ಸ್ವಿಚ್ ತೆಗೆಸಿದೆವು. ಹಾವು ಸೇರಿದ್ದಾವೋ ಅಂತ ಕೋಲಿನಿಂದ ತಡಕಿ ಆಮೇಲೆ ಒಳಗೆ ಹೋದೆವು. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿಸಿದೆವು. ರಾಗಿ ಕೊಡಲು ಬಂದ ಮೇಲಿನ ಬೀದಿಯವರಿಗೆ, ಕಾಳು ಬೇಡ, ಪಕ್ಕದೂರಿನಲ್ಲಿ ಬೀಸಿಸಿ ಹಿಟ್ಟು ತನ್ನಿ ಅಂದೆವು. ಊರಿನ ಮಿಲ್ಲೇ ನೀರಲ್ಲಿ ಮುಳುಗಿತ್ತು. ನಮ್ಮ ಪಡಸಾಲೆಯಲ್ಲಿ ಹಗ್ಗ ಕಟ್ಟಿ, ಫ್ಯಾನ್ ಹಾಕಿ, ಕೆಳಗಿನ ಬೀದಿಯ ಹಕ್ಕುಪತ್ರ, ಮಾರ್ಕ್ಸ್ ಕಾರ್ಡು, ಮದುವೆ ಫೋಟೋಗಳನ್ನೆಲ್ಲ ಒಂದೊಂದಾಗಿ ಬಿಡಿಸಿ ಒಣಗಹಾಕಿದೆ. ಒಂದು ಮಾರ್ಕ್ಸ್ ಕಾರ್ಡಿನಲ್ಲಿ ನಾನೇ ಗಣಿತ ಕಲಿಸಿದ ಹುಡುಗಿಯ ಹೆಸರಿತ್ತು. ಅವಳು ನಮ್ಮೂರಿನವಳು ಅಂತ ನನಗೆ ಗೊತ್ತಿರಲಿಲ್ಲ.

ಸರ್ವೆಗೆ ಬಂದ ಗ್ರಾಮ ಲೆಕ್ಕಿಗರು, "ನೀವು ಊರಿನವರು, ಟೀಚರು. ಯಾವ ಮನೇಲಿ ಯಾರಿದ್ರು ಬರೆದುಕೊಡಿ ಮೇಡಂ" ಅಂತ ಹಾಳೆ ಕೊಟ್ಟರು. ಪೆನ್ನು ಹಿಡಿದೆ. ನಮ್ಮೂರಿನ ಪ್ರತಿ ಹೊಲದ ಹೆಸರೂ ನನ್ನ ಬಾಯಲ್ಲಿದೆ. ಆದರೆ ಆ ಬೀದಿಯ ಮೂರನೇ ಮನೆಗೆ ಬರುವ ಹೊತ್ತಿಗೆ ಪೆನ್ನು ನಿಂತಿತು. ಸಿಸ್ಟರ್ ಹಾಳೆ ಈಸಿಕೊಂಡು, ನಿಂತಲ್ಲೇ ಗೋಡೆಗೆ ಒತ್ತಿ ಪೂರ್ತಿ ಬರೆದುಕೊಟ್ಟರು.

ಆರನೆಯ ದಿನ ಸಿಸ್ಟರ ಅತ್ತೆ ನಮ್ಮನೆಯಲ್ಲಿ ಸ್ನಾನ ಮುಗಿಸಿ, ಹಿತ್ತಿಲ ಬಿಸಿಲಿನಲ್ಲಿ ತಲೆ ಒಣಗಿಸುತ್ತಾ ಕೂತಿದ್ದರು. ನಾನು ಕಾಫಿ ತಂದುಕೊಟ್ಟೆ. ಸುಮ್ಮನೆ ಮಾತಿಗೆ ಅಂದೆ, "ಇಂಥ ಮಳೆ ಹಿಂದೆ ಬಂದಿತ್ತಾ ಅಜ್ಜಿ?"

"ಅಯ್ಯೋ, ಇದುಕ್ಕಿಂತ ದೊಡ್ಡ ಮಳೆ ಉಯ್ದವೆ ಕಣವ್ವ. ಆವಾಗ ಕೋಡಿ ಅಳ್ಳ ಇತ್ತು. ಎಚ್ಚಾದ್ ನೀರು ಅದ್ರಾಗೇ ಓಗ್ಬುಡ್ತಿತ್ತು. ನಾನು ಸಣ್ಣೋಳಾಗಿ ಮದ್ವೆಯಾಗಿ ಬಂದಾಗ ಅಲ್ಲೇ ಉಲ್ಲು ಕುಯ್ತಿದ್ದೆ."

"ಕೋಡಿ ಹಳ್ಳ ಎಲ್ಲಿತ್ತು?"

ಅಜ್ಜಿ ನನ್ನನ್ನು ಆಶ್ಚರ್ಯದಿಂದ ನೋಡಿದರು. ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡಿರಬೇಕು. "ಎಲ್ಲಿತ್ತು ಅಂದ್ರೆ? ನಿಮ್ ತೆಂಗಿನ್ ತ್ವಾಟ ಐತಲ್ಲವ್ವ, ಅದೇಯ."

"ಅತ್ತೆ, ಸುಮ್ಕಿರಿ" ಅಂದರು ಸಿಸ್ಟರ್. ಅವರು ಬಾಗಿಲ ಹತ್ತಿರ ನಿಂತಿದ್ದರು.

ಕೆರೆ ತುಂಬಿ ಹೆಚ್ಚಾದ ನೀರು ಹೊರಗೆ ಹೋಗುವ ದಾರಿಯೇ ಕೋಡಿ. ಅದನ್ನು ಮುಚ್ಚಿದರೆ ನೀರಿಗೆ ಏರಿ ಒಡೆಯುವುದು ಬಿಟ್ಟು ಬೇರೆ ದಾರಿ ಇರುವುದಿಲ್ಲ. ಇದು ತಿಳಿಯಲು ಗಣಿತ ಬೇಕಿಲ್ಲ. ತೀರಿಹೋದ ನನ್ನ ಮಾವ ಮಣ್ಣು ಹೊಡೆಸಿ ಆ ತೋಟ ಮಾಡಿದ್ದು, 'ಹಾಳು ಬಿದ್ದ ಜಾಗವನ್ನು ಹೊನ್ನು ಮಾಡಿದೆ' ಅನ್ನುತ್ತಿದ್ದದ್ದು ಎಲ್ಲ ನೆನಪಾಯಿತು. ಆ ತೋಟದ ಎಳನೀರನ್ನೇ ನಾವು ಕೆರೆ ಒಡೆದ ಮಾರನೆಯ ದಿನ ಕೆಳಗಿನ ಬೀದಿಗೆ ಹಂಚಿದ್ದೆವು.

"ನಿಮಗೆ ಗೊತ್ತಿತ್ತಾ?" ಅಂತ ಸಿಸ್ಟರನ್ನು ಕೇಳಿದೆ.

"ಗೊತ್ತಿತ್ತು."

"ಇಷ್ಟು ವರ್ಷದಲ್ಲಿ ಒಂದು ದಿನ ಹೇಳಲಿಲ್ಲವಲ್ಲ."

"ಪಕ್ಕದ ಸೀಟಲ್ಲಿ ಕೂತ್ಕೊಂಡು ಹೆಂಗೆ ಹೇಳೋದು ಟೀಚರ್? ಹೇಳಿದ್ರೆ ನಾಳೆಯಿಂದ ನೀವು ಬೇರೆ ಸೀಟು ನೋಡ್ಕೊತಿದ್ರಿ." ಕೋಪವಿಲ್ಲದೆ ಅಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ.

ಅವತ್ತು ಊಟಕ್ಕೆ ಕೂತಾಗ ಗಂಡನಿಗೆ ಹೇಳಿದೆ. ಅವರು ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿದರು. "ಊರಲ್ಲಿ ಯಾರು ಒತ್ತುವರಿ ಮಾಡಿಲ್ಲ? ಮಳೆ ಜಾಸ್ತಿ ಆಯ್ತು, ಅಷ್ಟೇ" ಅಂದರು. ಆ ಮಾತು ಅವರಿಗೇ ಹಿಡಿಸಲಿಲ್ಲವೆಂದು ಮುಖದಲ್ಲಿ ಕಾಣುತ್ತಿತ್ತು. ಮೂರನೆಯ ದಿನ ಬೆಳಿಗ್ಗೆ ಅವರೊಬ್ಬರೇ ತೋಟಕ್ಕೆ ಹೋಗಿ, ಗುದ್ದಲಿಯಿಂದ ಒಂದು ಕಡೆ ಅಗೆದು ಬಂದರು. ಎರಡು ಅಡಿ ಕೆಳಗೆ ಕೋಡಿಯ ಹಳೆಯ ಚಪ್ಪಡಿ ಕಲ್ಲು ಸಿಕ್ಕಿತ್ತು. ಕೈಕಾಲು ತೊಳೆಯದೆ ಜಗಲಿಯ ಮೇಲೆ ಕೂತು, "ಇದೆ ಕಣೆ" ಅಂದರು, ಅಷ್ಟೇ.

ಕೋಡಿ ಮತ್ತೆ ತೆರೆಯಬೇಕಾದರೆ ಹದಿನಾಲ್ಕು ಮರ ಹೋಗಬೇಕಿತ್ತು. ಫಲಕ್ಕೆ ಬಂದ ಮರಗಳು. ನನ್ನ ಅತ್ತೆಗೆ ಹೇಳುವುದು ಹೇಗೆ ಅಂತ ಒದ್ದಾಡಿದೆವು. ಅವರಿಗೆ ಆಗಲೇ ತಿಳಿದಿತ್ತು.

"ಆ ಸಸಿಗೊಳಿಗೆ ನೀರು ಒತ್ತೋಳು ನಾನು" ಅಂದರು. "ಕೊಡದಾಗೆ ಒತ್ತು ಒತ್ತು ಸೊಂಟ ಬಿದ್ದೋಯ್ತು. ನಿಮ್ ಮಾವುಂಗೆ ಆಗ್ಲೇ ಏಳ್ದೆ, ಅದು ನೀರಿನ್ ಜಾಗ, ಬ್ಯಾಡ ಅಂತ. ಸುಮ್ನಿರು ಅಂದ್ರು. ಸುಮ್ನಾದೆ." ಸೆರಗಿನಿಂದ ಮೂಗು ಒರೆಸಿಕೊಂಡರು. "ಕಡೀರಿ. ನಾನು ನೋಡೋಕೆ ಬರಾಕಿಲ್ಲ."

ಮರ ಕಡಿಯುವ ದಿನ ಎರಡೂ ಬೀದಿಯವರು ಬಂದಿದ್ದರು. ಕೆಲವರು ಸಹಾಯಕ್ಕೆ, ಕೆಲವರು ನೋಡುವುದಕ್ಕೆ. ಮೇಲಿನ ಬೀದಿಯ ಒಬ್ಬರು ನನ್ನ ಗಂಡನಿಗೆ ಕೇಳಿಸುವ ಹಾಗೆ, "ನಾಳೆ ನಮ್ ತ್ವಾಟಾನೂ ಕೇಳ್ತಾರೆ ಕಣ್ಲಾ" ಅಂದರು. ಜೆಸಿಬಿ ಮಣ್ಣು ತೆಗೆಯುತ್ತಾ ಹೋದ ಹಾಗೆ ಕೋಡಿಯ ಕಲ್ಲುಕಟ್ಟಡ ಪೂರ್ತಿ ಎದ್ದು ಬಂತು. ಒಂದು ಕಲ್ಲೂ ಅಲುಗಿರಲಿಲ್ಲ. ಸಿಸ್ಟರ ಅತ್ತೆಯನ್ನು ಯಾರೋ ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಬಂದಿದ್ದರು. ಅಜ್ಜಿ ನೋಡಿ, "ಇಷ್ಟೇ ಅಗಲ ಇತ್ತು" ಅಂದರು. ಕಡಿದ ಮರಗಳ ತೊಲೆ ಸೀಳಿ, ಬಿದ್ದುಹೋದ ಐದು ಮನೆಗಳ ಸೂರಿಗೆ ಕೊಟ್ಟೆವು.

ಏರಿ ದುರಸ್ತಿಯಾಗಿ, ಮಾರನೆಯ ವರ್ಷ ಕೆರೆ ತುಂಬಿತು. ಕೋಡಿ ಬಿತ್ತು. ನೀರು ಹಳ್ಳ ಹಿಡಿದು ಸುಮ್ಮನೆ ಹೋಯಿತು. ಸಿಸ್ಟರ್ ಇಟ್ಟಿಗೆಯ ಮನೆ ಕಟ್ಟಿಸಿದ್ದಾರೆ, ತಳಪಾಯ ಮೂರು ಅಡಿ ಎತ್ತರಿಸಿ. ಆದರೆ ಎಲ್ಲರೂ ಹಾಗೆ ನೆಲೆ ಕಂಡುಕೊಳ್ಳಲಿಲ್ಲ. ದನವೂ ಮನೆಯೂ ಹೋದ ಮೂರು ಸಂಸಾರಗಳು ಹಾಸನಕ್ಕೆ ಕೂಲಿಗೆ ಹೋದವು, ಹಿಂದಿರುಗಲಿಲ್ಲ.

ಅವರಲ್ಲಿ ಒಬ್ಬಾಕೆ ಹೋದ ತಿಂಗಳು ಹಾಸನದ ತರಕಾರಿ ಮಾರ್ಕೆಟ್ಟಿನಲ್ಲಿ ಸಿಕ್ಕಿದಳು. ಕಟ್ಟಡದ ಕೆಲಸಕ್ಕೆ ಹೋಗುತ್ತಾಳಂತೆ, ಕೈಯೆಲ್ಲ ಸಿಮೆಂಟಿಗೆ ಬಿರಿದಿತ್ತು.

"ಕೋಡಿ ತೆಗ್ಸುದ್ರಂತೆ, ಅವುದಾ?" ಅಂತ ಕೇಳಿದಳು.

"ಹೂಂ, ತೆಗೆಸಿದ್ವಿ."

"ಒಳ್ಳೇದಾಯ್ತು ಬುಡಿ" ಅಂದು, ಸೊಪ್ಪಿನ ಕಟ್ಟನ್ನು ಕಂಕುಳಲ್ಲಿ ಇರುಕಿಕೊಂಡು ಜನರ ನಡುವೆ ಹೋದಳು. ಊರಿಗೆ ವಾಪಸ್ ಬಾ ಅನ್ನಬೇಕೆಂದು ಬಾಯಿ ತೆರೆದಿದ್ದೆ. ಯಾವ ಮನೆಗೆ ಬಾ ಅನ್ನುವುದು? ಚೀಲ ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ಸೊಪ್ಪು ಮಾರುವವಳು, "ಏನು ಬೇಕು ಅಕ್ಕಾ?" ಅಂತ ಎರಡು ಸಲ ಕೇಳಿದ ಮೇಲೆ ಎಚ್ಚರವಾಯಿತು.