ನಾನು ಕೆಡವಿದ ಗೀಜಗನ ಗೂಡು

ನನ್ನ ಮೊಮ್ಮಗಳು ತೆಗೆದ ಚಿತ್ರ ಅವಳ ಕಾಲೇಜಿನ ಗೋಡೆ ಏರಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಕೊನೆಯವರೆಗೂ ಬಾಯಿ ಕಟ್ಟಿಕೊಂಡಿರುವುದು ನನ್ನಿಂದಾಗದು. ಮೂರನೇ ಕ್ಲಾಸಿಗೆ ಪುಸ್ತಕ ಮುಚ್ಚಿದವಳು ನಾನು. ಅಕ್ಷರ ಕೂಡಿಸಿ ಕೂಡಿಸಿ ಬರೆಯುತ್ತಿದ್ದೇನೆ, ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಲಿ.

ಸರ್ಜಾಪುರದ ಆಚೆ ನಮ್ಮೂರು. ಕೆರೆಯ ಈ ದಡದಲ್ಲಿ ನಾವು, ಆ ದಡದಲ್ಲಿ ಹದಿನಾಲ್ಕು ಅಂತಸ್ತಿನ ಅಪಾರ್ಟ್‌ಮೆಂಟು. ನಮ್ಮ ಕಡೆ ಒಂದು ಗಿಡ್ಡ ಈಚಲ ಮರ ಉಳಿದುಕೊಂಡಿತ್ತು. ಮಳೆಗಾಲ ಬಂದರೆ ಅದರ ಗರಿಗಳಿಗೆ ಗೀಜಗಗಳು ಗೂಡು ನೇಯುತ್ತಿದ್ದವು. ಮದುವೆಯಾಗಿ ಬಂದಾಗಿನಿಂದ ಆ ಮರದ ಸುತ್ತ ಎಮ್ಮೆಗೆ ಹುಲ್ಲು ಕೊಯ್ದವಳು ನಾನು. ಗೂಡುಗಳನ್ನು ತಲೆ ಎತ್ತಿ ನೋಡಿದ್ದು ಕಡಿಮೆ.

ಆ ವರ್ಷ ಮೊಮ್ಮಗಳಿಗೆ ಅವಳ ಸೋದರಮಾವ ತನ್ನ ಹಳೇ ಕ್ಯಾಮೆರಾ ಕೊಟ್ಟ. ಕಾಲೇಜಿನಲ್ಲಿ ಚಿತ್ರಗಳ ಪ್ರದರ್ಶನ ಇತ್ತು, ಒಬ್ಬರದು ಒಂದೇ ಚಿತ್ರ. ಹುಡುಗಿ ಹತ್ತು ದಿನ ಬೆಳಗಾಗೆದ್ದು, ಕಾಲೇಜು ಬಸ್ಸು ಬರುವ ತನಕ ಮರದ ಎದುರು ಕುಕ್ಕರಗಾಲಲ್ಲಿ ಕೂತಳು. ಒಂದು ದಿನ ಬೆಳಕಿಲ್ಲ, ಒಂದು ದಿನ ಗಾಳಿ. ತೆಗೆದದ್ದು ಒಂದೂ ಅವಳ ಮನಸ್ಸಿಗೆ ಬರಲಿಲ್ಲ.

"ಇನ್ನೆರಡು ದಿನ ಕೂತ್ಕೊ. ಹಕ್ಕೀನೇ ಬೇಜಾರಾಗಿ ಬಂದು ನಿಂತ್ಕೊಂತದೆ, ತಗೊಳವ್ವ ಅಂತ," ಎಂದು ಅವಳಪ್ಪ, ನನ್ನ ಮಗ, ರೇಗಿಸುತ್ತಿದ್ದ. ಅವಳು ನಗುತ್ತಿರಲಿಲ್ಲ. ಚಿತ್ರ ಕೊಡಲು ಒಂದೇ ಬೆಳಗು ಉಳಿದಿತ್ತು.

ನನಗೆ ಸಂಕಟ. ನಮ್ಮ ಕಾಲದಲ್ಲಿ ಫೋಟೋ ಎಂದರೆ ಎಷ್ಟು ಸಿದ್ಧತೆ. ಮುಖ ತೊಳೆದು, ಎಣ್ಣೆ ಹಚ್ಚಿ ತಲೆ ಬಾಚಿ, ಹಿಂದೆ ಒಣಹಾಕಿದ ಬಟ್ಟೆಯನ್ನೆಲ್ಲ ತೆಗೆದು, ಅಂಗಳ ಸಾರಿಸಿ ನಿಲ್ಲಬೇಕು. ಜೀವಮಾನದಲ್ಲಿ ಮೂರು ಫೋಟೋ ತೆಗೆಸಿಕೊಂಡಿದ್ದೇನೆ, ಮೂರಕ್ಕೂ ಅಂಗಳ ಸಾರಿಸಿದ್ದೇನೆ. ಇಲ್ಲಿ ನೋಡಿದರೆ ನಾಲ್ಕು ಹಸಿರು ಗೂಡುಗಳ ಮುಂದೆಯೇ ಒಂದು ಒಣಗಿದ, ಅರ್ಧ ನೇಯ್ದ ಗೂಡು ಹರಿದ ಟೋಪಿಯಂತೆ ಜೋತಾಡುತ್ತಿತ್ತು. ಚಿತ್ರ ಕೆಡುತ್ತಿರುವುದು ಈ ದರಿದ್ರದ್ದರಿಂದಲೇ ಎಂದುಕೊಂಡೆ. ಸಂಜೆ ನುಗ್ಗೆಕಾಯಿ ಕೀಳುವ ದೋಟಿ ಹಿಡಿದು ಹೋಗಿ ಅದನ್ನು ಕೆಡವಿದೆ. ಮರದ ಬುಡ ಗುಡಿಸಿ, ನೀರೂ ಚಿಮುಕಿಸಿದೆ. ಗೂಡನ್ನು ಬಿಸಾಡಲು ಮಾತ್ರ ಕೈ ಬರಲಿಲ್ಲ, ಮನೆಗೆ ತಂದು ಮೊರದಲ್ಲಿಟ್ಟೆ.

ಬೆಳಿಗ್ಗೆ ಅವಳ ಜೊತೆ ನಾನೂ ಹೋದೆ, ಅವಳ ಮುಖ ಅರಳುವುದನ್ನು ನೋಡೋಣ ಎಂದು. ಅವಳು ಮರ ನೋಡಿದಳು, ಕ್ಯಾಮೆರಾ ಕೆಳಗಿಳಿಸಿದಳು.

"ಅಜ್ಜಿ, ಇಲ್ಲೊಂದು ಒಣಗಿದ್ ಗೂಡಿತ್ತಲ್ಲ?"

"ನಾನೇ ಕೆಡವ್ದೆ ಕಣವ್ವ. ಈಗ ನೋಡು, ಎಂಗೆ ಲಕ್ಷಣವಾಗೈತೆ."

ಅವಳು ಕಲ್ಲಿನ ಮೇಲೆ ಕೂತುಬಿಟ್ಟಳು. ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

"ಹತ್ತು ದಿನದಿಂದ ನಾನು ಕಾಯ್ತಿದ್ದಿದ್ದೇ ಅದರ ಚಿತ್ರಕ್ಕೆ."

"ಆ ಒಣಗಿದ್ದಕ್ಕಾ?"

ಆಗ ಬಿಡಿಸಿ ಹೇಳಿದಳು. ಗೂಡು ನೇಯುವುದು ಗಂಡು. ಅರ್ಧ ನೇಯ್ದು ಹೆಣ್ಣನ್ನು ಕರೆಯುತ್ತದೆ. ಹೆಣ್ಣು ಬಂದು ಒಳಗೆಲ್ಲ ನೋಡಿ ಒಪ್ಪಿದರೆ ಗಂಡು ಅದನ್ನು ಪೂರ್ತಿ ಮಾಡುತ್ತದೆ. ಒಪ್ಪದಿದ್ದರೆ ಅಲ್ಲಿಗೇ ಬಿಟ್ಟು ಪಕ್ಕದಲ್ಲಿ ಇನ್ನೊಂದು ಶುರು ಮಾಡುತ್ತದೆ.

"ಅದು ಬೇಡ ಅನ್ನಿಸ್ಕೊಂಡಿದ್ ಗೂಡು ಅಜ್ಜಿ. ಆದ್ರೂ ಎಷ್ಟ್ ಚೆನ್ನಾಗ್ ನೇಯ್ದಿತ್ತು. ನೋಡ್ತಾನೇ ಇರ್ಬೇಕು ಅನ್ನಿಸ್ತಿತ್ತು ನಂಗೆ."

ನಾನು ಮನೆಗೆ ಓಡಿದೆ. ಓಡಿದೆ ಎಂದರೆ, ಮಂಡಿ ಎಷ್ಟು ಬಿಟ್ಟಿತೋ ಅಷ್ಟು. ಗೂಡನ್ನು ಸೆರಗಲ್ಲಿ ಸುತ್ತಿ ತಂದು, "ಮತ್ತೆ ಅಲ್ಲೇ ಕಟ್ಟಾಕಾನ," ಎಂದೆ.

"ಬೇಡ. ಅದು ಸುಳ್ಳಾಗ್ತದೆ."

ಹದಿನೆಂಟು ವರ್ಷದ ಹುಡುಗಿಯ ಬಾಯಲ್ಲಿ ಆ ಮಾತು. ಎದೆ ತುಂಬಿತು, ಅಷ್ಟೇ ನಾಚಿಕೆಯೂ ಆಯಿತು. ಮಗುವನ್ನು ಹತ್ತು ದಿನ ಕೂರಿಸುವಂಥದ್ದು ಇದರಲ್ಲಿ ಏನಿದೆ ಎಂದು ಗೂಡನ್ನು ತಿರುವಿ ಒಳಗೆ ಕೈ ಹಾಕಿದೆ. ಬೆರಳಿಗೆ ಗಟ್ಟಿಯಾಗಿ ಏನೋ ಸಿಕ್ಕಿತು.

"ಇಲ್ಲಿ ಮುಟ್ಟಿ ನೋಡವ್ವ. ಹಕ್ಕಿ ಮಣ್ಣು ಮೆತ್ತೈತೆ. ಇದಕ್ಕೆ ಮಿಂಚುಹುಳ ಅಂಟಿಸಿ ದೀಪ ಮಾಡ್ಕೊಂತದೆ ಅಂತಿದ್ರು ನಮ್ಮತ್ತೆ."

"ನಿಜಾನಾ?"

"ನಾನೇನ್ ಒಳಗೋಗಿ ಸಂಸಾರ ಮಾಡಿದ್ನಾ?"

ಅವಳಿಗೆ ನಗು ಬಂತು. ಬಗ್ಗಿ ಒಳಗೆ ನೋಡಿದಳು, ನಗು ನಿಂತಿತು. ಗೂಡನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿಯಲು ಹೇಳಿ, ತಾನು ಅದರ ಕೆಳಗೆ ನೆಲದ ಮೇಲೆ ಮಲಗಿದಳು. ಆಗತಾನೇ ಅಪಾರ್ಟ್‌ಮೆಂಟಿನ ಸಂದಿಯಿಂದ ಬಿಸಿಲು ಇತ್ತ ಬರುತ್ತಿತ್ತು.

"ಅಲ್ಲಾಡ್ಬೇಡ ಅಜ್ಜಿ. ಉಸ್ರೂ ಬಿಡ್ಬೇಡ."

ಬಸ್ಸು ಹಾರ್ನ್ ಹೊಡೆದು ಹೊಡೆದು ಹೊರಟೇ ಹೋಯಿತು. ನಾನು ತೋಳು ಇಳಿಸಲಿಲ್ಲ. ಆಮೇಲೆ ಮಗ ಬೈಕಿನಲ್ಲಿ ಅವಳನ್ನು ಬಿಟ್ಟು ಬಂದ. ಚಿತ್ರ ವೇಳೆಗೆ ಸರಿಯಾಗಿ ತಲುಪಿತಂತೆ.

ಪ್ರದರ್ಶನಕ್ಕೆ ಮನೆಯವರನ್ನೂ ಕರೆದಿದ್ದರು. ಮೊಣಕೈಯಿಂದ ಬೆರಳ ತುದಿಯವರೆಗಿನಷ್ಟು ಉದ್ದದ ಚಿತ್ರ. ಕತ್ತಲ ಗುಮ್ಮಟ, ಎಳೆಎಳೆಯ ಸಂದಿಯಿಂದ ತೂರಿದ ಬೆಳಕಿನ ಚುಕ್ಕಿಗಳು, ಅಂಚಿನಲ್ಲಿ ಆ ಮಣ್ಣಿನ ಮೆತ್ತು. ನಾನು ಈಚಲ ಚಾಪೆ ಹೆಣೆದವಳು. ಕಾಣದ ಕಡೆ ಒಂದೆಳೆ ಬಿಟ್ಟು ಬೇಗ ಮುಗಿಸುವ ಕಳ್ಳತನ ನನಗೂ ಗೊತ್ತು. ಆ ಹಕ್ಕಿ ಒಂದೆಳೆಯನ್ನೂ ಬಿಟ್ಟಿರಲಿಲ್ಲ. ಅಷ್ಟು ವರ್ಷ ಅದರ ಕೆಳಗೇ ಹುಲ್ಲು ಕೊಯ್ದ ನನಗೆ ಅದನ್ನು ತೋರಿಸಿಕೊಟ್ಟವಳು ನನ್ನ ಮೊಮ್ಮಗಳು. ಕಣ್ಣು ಒರೆಸಿಕೊಂಡೆ.

ನೋಡಲು ಬಂದವರು ಯಾವುದೋ ದೇವಸ್ಥಾನದ ಗೋಪುರದ ಒಳಭಾಗವೇ ಎಂದು ಕೇಳುತ್ತಿದ್ದರು. ಅವಳ ಮೇಷ್ಟರು ಬಂದು ನಿಂತರು.

"ಒಳಗಿಂದ ತೆಗೀಬೇಕು ಅಂತ ಹೆಂಗ್ ಹೊಳೀತಮ್ಮ?"

"ನಮ್ಮಜ್ಜಿ ದೋಟೀಲಿ ಕೆಡವಿದ್ರು ಸಾರ್."

ಸುತ್ತ ಇದ್ದವರೆಲ್ಲ ನಕ್ಕರು. ಅವಳು ನನ್ನ ಭುಜದ ಮೇಲೆ ಕೈ ಹಾಕಿ ಎಲ್ಲರ ಮುಂದಕ್ಕೆ ತಂದು ನಿಲ್ಲಿಸಿದಳು.

"ಊಂ ಸಾರ್, ನಾನೇ," ಎಂದೆ. "ಬನ್ನಿ ಇಲ್ಲಿ, ಈ ಮಣ್ಣು ನೋಡಿ."

ಮಗ ಊಟಕ್ಕೆ ಮೂರು ಸಲ ಕರೆದ. ಬಾಗಿಲಲ್ಲಿ ಇನ್ನೂ ನಾಲ್ಕು ಜನ ಬರುತ್ತಿದ್ದರು. ನಾನು ಚಿತ್ರದ ಪಕ್ಕದಿಂದ ಕದಲಲಿಲ್ಲ.