ಉಂಡಿ ಡಬ್ಬಿಯೊಳಗೆ ನಾಲ್ಕು ಫೋನು

ಅವತ್ತು ಬೆಳಿಗ್ಗೆ ಎದ್ದವಳೇ ರೂಢಿಯಂತೆ ಹಿತ್ತಲ ಡ್ರಮ್ಮಿನೊಳಗೆ ಕೈ ಇಳಿಬಿಟ್ಟೆ. ಭುಜದವರೆಗೂ ಇಳಿಸಿದ ಮೇಲೆ ಬೆರಳಿಗೆ ನೀರು ತಾಗಿತು. ಸಿಂಧನೂರಿನ ನಮ್ಮ ಗಲ್ಲಿಗೆ ನಾಲ್ಕೈದು ದಿನಕ್ಕೊಮ್ಮೆ ನಳದ ನೀರು ಬರುತ್ತದೆ, ಹೊತ್ತು ಇಂಥದ್ದೇ ಎಂದಿಲ್ಲ. ನೀರು ಬಿಡುವಾತ ಗಲ್ಲಿಯ ವಾಟ್ಸಾಪ್ ಗ್ರೂಪಿಗೆ ಒಂದು ಸಾಲು ಹಾಕುತ್ತಾನೆ, ನಾವು ಕೊಡ ಹಿಡಿದು ಓಡುತ್ತೇವೆ. ಅವತ್ತು ನಮ್ಮ ಪಾಳಿ. ಫೋನನ್ನು ಒಲೆಯ ಮೇಲಿನ ಕಿಟಕಿಯಲ್ಲಿಟ್ಟುಕೊಂಡು ರೊಟ್ಟಿ ಬಡಿದೆ, ಅತ್ತೆಗೆ ಸಕ್ಕರೆಯಿಲ್ಲದ ಚಹಾ ಕೊಟ್ಟೆ.

ರಜೆಗೆ ಬಂದಿದ್ದ ನಾದಿನಿ ಅಡುಗೆಮನೆಯ ಕಟ್ಟೆ ಹತ್ತಿ, ಮಂಡಿ ಮಡಚಿ ಕೂತಿದ್ದಳು. ನಾನು ಈ ಮನೆಗೆ ಬಂದಾಗ ಅವಳಿನ್ನೂ ಎರಡು ಜಡೆಯ ಹುಡುಗಿ. ಈಗ ಸೈನ್ಯದಲ್ಲಿ ಅಧಿಕಾರಿ. ಶತ್ರು ಗುಂಡು ಹಾರಿಸದೆ, ಕಂಪ್ಯೂಟರುಗಳೊಳಗೆ ಹೊಕ್ಕು ಊರನ್ನೇ ನಿಲ್ಲಿಸಿದರೆ ಮುಂದೆ ನಿಂತು ನಡೆಸುವವರು ಏನನ್ನು ಮೊದಲು ಉಳಿಸಬೇಕು, ಯಾರಿಗೆ ಯಾವ ಕೆಲಸ ಹಂಚಬೇಕು ಎಂದು ಹಿರಿಯ ಅಧಿಕಾರಿಗಳಿಗೆ ಕಲಿಸುವ ಪಾಠವೊಂದನ್ನು ಎರಡು ವರ್ಷದಿಂದ ಕಟ್ಟುತ್ತಿದ್ದಳು. ಆದರೆ ಅವಳ ಮೇಲಧಿಕಾರಿ, ಇದು ಕಂಪ್ಯೂಟರಿನವರ ಕೆಲಸ, ಮುಂದಾಳುಗಳಿಗೆ ಇದರಲ್ಲಿ ಏನಿದೆ ಎಂದಿದ್ದರಂತೆ. ಸೋಮವಾರ ಅವರ ಮುಂದೆ ನಡೆಸಿ ತೋರಿಸಬೇಕು, ಒಪ್ಪದಿದ್ದರೆ ಪಾಠವನ್ನೇ ತೆಗೆಯುತ್ತಾರೆ. ರಾತ್ರಿಯ ಊಟವನ್ನೂ ಅವಳು ಅರ್ಧಕ್ಕೇ ಬಿಟ್ಟಿದ್ದಳು.

"ವೈನಿ, ನನ್ನ ಮುಂದ ಕುಂದ್ರಿ. ನೀವಾ ಮುಖ್ಯಸ್ಥರು ಅಂತ ತಿಳ್ಕೊಂಡು ಒಮ್ಮೆ ಆಡಿ ನೋಡೂಣು," ಎಂದಳು.

ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಊರಿನ ನಕ್ಷೆ ಬರೆದಳು. ಕಾಲುವೆ ಗೇಟು, ಆಸ್ಪತ್ರೆ, ಅಕ್ಕಿ ಗಿರಣಿ, ಬಸ್ ನಿಲ್ದಾಣ ಎಂದು ಚೀಟಿ ಬರೆಯುವ ಕೆಲಸ ನನ್ನದು. ಲಿಂಗಸುಗೂರಿನ ಕಾನ್ವೆಂಟಿನಲ್ಲಿ ತಿದ್ದಿದ ಅಕ್ಷರ ಇಷ್ಟಕ್ಕಾದರೂ ಉಪಯೋಗಕ್ಕೆ ಬಂತು. ಅತ್ತೆಗೆ ಕರೆಂಟಿನ ಖಾತೆ. ಪಕ್ಕದ ಮನೆಯ ಹೊಲಿಗೆ ಅಕ್ಕನನ್ನು ಕರೆದು ಆಸ್ಪತ್ರೆ ವಹಿಸಿದೆವು.

"ಕಾಲುವಿ ಗೇಟು ತಾನಾ ತೆರಿಯಾಕತ್ತೈತಿ," ನಾದಿನಿ ಶುರುಮಾಡಿದಳು. "ದವಾಖಾನಿಯಾಗ ಕರೆಂಟಿಲ್ಲ. ಫೋನೂ ಇಲ್ಲ. ವೈನಿ, ನಿಮ್ಮ ಮೊದಲನೇ ಹುಕುಂ ಏನು?"

"ಎಲ್ಲಾರಿಗೂ ತಿಳಿಯೂ ಹಂಗ ಗ್ರೂಪಿನ್ಯಾಗ ಹಾಕ್ರಿ," ಎಂದೆ.

"ಫೋನ್ ಇಲ್ಲ ಅಂದೆ."

"ಹಂಗಾರ ಕಾಲ್ ಮಾಡಿ ಹೇಳ್ರಿ," ಎಂದಳು ಹೊಲಿಗೆ ಅಕ್ಕ, ಬಹಳ ಗಂಭೀರವಾಗಿ.

ನಾದಿನಿ ನಕ್ಕು ಪೆನ್ನು ಕೆಳಗಿಟ್ಟಳು. "ಬಾಯಿಲೆ ಹೇಳಿದ್ರ ತಿಳಿಯೂದಿಲ್ಲ. ಕಸಗೊಂಡ್ರ ತಿಳಿತೈತಿ." ಎದ್ದು ಹೋಗಿ, ಯಾರೂ ನಡುವೆ ಬರದಂತೆ ಬೀದಿ ಬಾಗಿಲು ಹಾಕಿ, ಉಂಡಿ ಇಡುವ ಸ್ಟೀಲ್ ಡಬ್ಬಿ ತಂದಳು. ತನ್ನದೂ ಸೇರಿ ನಾಲ್ಕೂ ಫೋನುಗಳ ಸದ್ದಡಗಿಸಿ ಒಳಗೆ ಹಾಕಿ ಮುಚ್ಚಳ ಬಿಗಿದಳು.

"ಫೋನ್ ಏನ್ ತಪ್ಪು ಮಾಡ್ಯಾವಬೇ?" ಎಂದರು ಅತ್ತೆ.

ಆಮೇಲೆ ಆಟ ರಂಗೇರಿತು. ಗೇಟಿಗೆ ಸೈಕಲ್ಲಿನ ಮೇಲೆ ಆಳು ಕಳಿಸಿದೆ. ಗಿರಣಿಯ ಜನರೇಟರನ್ನು ಆಸ್ಪತ್ರೆಗೆ ಹೊರಡಿಸಿದೆ. ಗಿರಣಿ ನಿಲ್ಲಿಸಲು ಅತ್ತೆ ಒಪ್ಪಲಿಲ್ಲ, ಅಕ್ಕಿ ಯಾರು ಕೊಡ್ತಾರ ಎಂದು ನನ್ನೊಡನೆ ಖರೇನೇ ಜಗಳಕ್ಕೆ ನಿಂತರು. ಎರಡು ತಾಸಿನ ಮೇಲೆ ಊರು ಉಳಿಯಿತು. ಖುಷಿಯಲ್ಲಿ ಡಬ್ಬಿ ತೆರೆದೆವು.

ಗ್ರೂಪಿನಲ್ಲಿ 'ನೀರು ಬಿಟ್ಟೀನಿ' ಎಂದಿತ್ತು. ಅದರ ಕೆಳಗೆ 'ಬಂದ್ ಮಾಡೀನಿ'. ನಡುವೆ ಎದುರು ಮನೆಯ ಚಾಚಿಯ ಆರು ಕರೆ ಬಂದು ಹೋಗಿದ್ದವು. ಹಿತ್ತಲಿಗೆ ಓಡಿ ನಳ ತಿರುಗಿಸಿದರೆ ಬರೀ ಗಾಳಿಯ ಸಪ್ಪಳ, ಆಮೇಲೆ ಎರಡು ಹನಿ. ಹೊಲಿಗೆ ಅಕ್ಕನ ಮನೆಯಲ್ಲೂ ಅದೇ ಕಥೆ.

"ಕಾಗದದ ಊರು ಉಳಿಸಿದ್ವಿ, ಖರೇ ನೀರು ಕಳಕೊಂಡ್ವಿ," ಎಂದರು ಅತ್ತೆ.

ನಾದಿನಿಯ ಮುಖ ಸಣ್ಣದಾಯಿತು. ಖಾಲಿ ಡಬ್ಬಿಯನ್ನು ಎತ್ತಿಡಲು ಹೋದವಳು ಥಟ್ಟನೆ ಮೇಲಧಿಕಾರಿಗೆ ಫೋನು ಹಚ್ಚಿದಳು. ನಡೆದದ್ದನ್ನೆಲ್ಲ ಹಿಂದಿಯಲ್ಲಿ ಕೈ ಬೀಸಿ ಬೀಸಿ ಹೇಳಿದಳು, ಕಾಗದ ನೋಡಲೇ ಇಲ್ಲ. ಫೋನು ಇಟ್ಟ ಮೇಲೆ ನನ್ನ ಹೆಗಲ ಮೇಲೆ ಗದ್ದವಿಟ್ಟಳು, ಚಿಕ್ಕವಳಿದ್ದಾಗ ಮಾಡುತ್ತಿದ್ದಂತೆ.

"ಭಾಳ ನಕ್ಕರು ವೈನಿ. ಸೋಮವಾರ ತಮ್ಮ ಫೋನೂ ಡಬ್ಬಿಗೆ ಹಾಕು ಅಂದ್ರು. ಆದ್ರ ಒಂದು ಕೇಳ್ಯಾರ. ಫೋನ್ ಕಸಗೊಂಡು ಕಲಿಯಾಕ ಬಂದವರನ್ನ ಸೋಲಿಸೂದು ಸಸಾರ, ಫೋನಿಲ್ಲದಾಗ ಸುದ್ದಿ ಹೆಂಗ ಮುಟ್ಟಬೇಕು, ಅದಕ್ಕ ಏನ್ ಕಲಸ್ತೀ ಅಂದ್ರು. ಅದನ್ನ ಹೇಳಿದ್ರ ಪಾಠ ಉಳಿತೈತಿ."

ಸಂಜೆಯವರೆಗೆ ಅವಳು ಹಾಳೆ ಹರಿದು ಹರಿದು ಎಸೆದಳು. ನಾನು ಡ್ರಮ್ಮಿನ ತಳದ ನೀರನ್ನು ಲೋಟದಲ್ಲಿ ಮೊಗೆದು ಮೊಗೆದು ಅಡುಗೆಗೆ ತೆಗೆದಿಟ್ಟೆ. ದೀಪ ಹಚ್ಚುವ ಹೊತ್ತಿಗೆ ಎದುರು ಮನೆಯ ಚಾಚಿ ಎರಡು ತುಂಬಿದ ಕೊಡ ಹೊತ್ತು ಬಂದರು. ಅವರ ಡ್ರಮ್ಮು ತುಳುಕುವಷ್ಟು ತುಂಬಿತ್ತಂತೆ.

"ಫೋನ್ ಮಾಡಿ ಮಾಡಿ ಬ್ಯಾಸತ್ತೆ. ಬಾಗಲಾ ಹಾಕಿತ್ತು, ಊರಿಗೆ ಹೋಗ್ಯಾರ ಅನಕೊಂಡೆ," ಎಂದರು.

"ಚಾಚಿ, ನಿಮಗ ಗ್ರೂಪ್ ನೋಡಾಕ ಬರೂದಿಲ್ಲಲ್ಲ. ನೀರು ಬಂದದ್ದು ಹೆಂಗ ತಿಳೀತು?" ನಾದಿನಿ ತಲೆಯೆತ್ತಿ ಕೇಳಿದಳು.

ಚಾಚಿ ಖಾಲಿಯಾದ ಕೊಡಗಳನ್ನು ಕಂಕುಳಿಗೆ ಏರಿಸುತ್ತ, ತಿರುಗಿಯೂ ನೋಡದೆ ಹೇಳಿದರು: "ಅದರಾಗೇನೈತಿ ಬೇಟಿ. ರಾತ್ರೀನಾ ನಳ ತೆರದು, ಬುಡಕ ಒಂದು ತಾಟು ಬೋರಲು ಹಾಕಿ ಇಡ್ತೀನಿ. ನೀರು ಬಂತಂದ್ರ ಅದಾ ಬಡಕೋತೈತಿ."