ಅಣ್ಣನ ಹೆಸರು ಹುಡುಕಲು ಹೋದ ದಿನ

ಮೊನ್ನೆ ಜೇವರ್ಗಿಗೆ, ಅಣ್ಣನ ಮಗಳು ನೀಲಾಳ ಮನೆಗೆ ಹೋಗಿದ್ದೆ. ಅಲ್ಲಿನ ಕಾಲೇಜಿನಲ್ಲಿ ಪಾಠ ಹೇಳುವ ಅವಳು ಬಡ್ತಿಯ ಅರ್ಜಿ ತುಂಬುತ್ತ ಕೂತಿದ್ದಳು. ತನ್ನ ಲೇಖನಗಳು ಯಾವ ಸೂಚಿಯಲ್ಲಿ ಸೇರಿವೆ, ಅವನ್ನು ಎಷ್ಟು ಮಂದಿ ಉಲ್ಲೇಖಿಸಿದ್ದಾರೆ ಎಂದು ತೋರಿಸಬೇಕಂತೆ. ಕಂಪ್ಯೂಟರಿನಲ್ಲಿ ಹೆಸರು ಒತ್ತಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬಂತು.

"ಬರೇ ಹನ್ನೊಂದ ಮಂದಿ ಅತ್ತಿ. ಇದಕ್ಕ ಯಾರ್ ಬಡ್ತಿ ಕೊಡ್ತಾರ?" ಎಂದು ನಕ್ಕಳು.

ನನಗೆ ನಗು ಬರಲಿಲ್ಲ.

ಅಣ್ಣ ಆಳಂದದ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಮಾಸ್ತರನಾಗಿದ್ದ. ಎಪ್ಪತ್ತರ ದಶಕದ ಕೊನೆಯಲ್ಲಿ ತೊಗರಿಯ ಸೊರಗು ರೋಗದ ಬೆನ್ನು ಹತ್ತಿ ಮೂರು ವರ್ಷ ನರೋಣಾದ ಹೊಲಗಳನ್ನು ಸುತ್ತಿದ. "ಏನ್ರಿ ಮಾಸ್ತರ್ರ, ಸತ್ತ ಗಿಡಾನs ಕಿತ್ಕೊಂಡ್ ಒಯ್ತೀರಿ, ಬದುಕಿದ್ದು ಮೈಲಿಗೇನ್ರಿ?" ಎಂದು ಹೊಲದವರು ಕಾಡುತ್ತಿದ್ದರು. ಕಡೆಗೆ ಒಂದು ಲೇಖನವಾಯಿತು. ಅದು ಹೊರದೇಶದ ಪತ್ರಿಕೆಯಲ್ಲಿ ಅಚ್ಚಾಯಿತು. ಜೀವಮಾನದಲ್ಲಿ ಅವನು ಬರೆದದ್ದು ಅದೊಂದೇ.

ಆಮೇಲೆ ಪ್ರತಿ ದೀಪಾವಳಿ ರಜೆಯಲ್ಲಿ ಬಸ್ಸು ಹತ್ತಿ ಕಲಬುರಗಿಯ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋಗುತ್ತಿದ್ದ. ಯಾಕೆಂದು ಕೇಳಿದರೆ ನನಗೆ ತಿಳಿಯುವ ಹಾಗೆ ಹೇಳಿದ:

"ಮದುವ್ಯಾಗ ಆಯೇರಿ ಉಡುಗೊರಿ ಕೊಡುವಾಗ ಹೆಸರು ಕೂಗ್ತಾರಲ್ಲ ಬೇ, ಹಂಗ ಇದು. ಲೇಖನ ಬರದವ್ರು ಕಡೀಗೆ ಒಬ್ಬೊಬ್ಬರ ಹೆಸರು ಕೂಗ್ತಾರ, ಇವರದು ಓದೀನಿ, ಅವರದು ಓದೀನಿ ಅಂತ. ಆ ವರ್ಷ ಮದುವಿ ಮಾಡಿದವ್ರ, ಅಂದ್ರ ಲೇಖನ ಬರದವ್ರ, ಪಟ್ಟಿ ಒಂದು ಪುಸ್ತಕ. ಯಾರ ಹೆಸರು ಕೂಗಿದ್ರು ಅಂಬೋದು ಬ್ಯಾರೆ ಪುಸ್ತಕ. ನನ್ನ ಹೆಸರು ಕೂಗ್ಯಾರೇನಂತ ನೋಡ್ಲಿಕ್ಕ ಹೋಗ್ತೀನಿ."

"ಹೆಸರು ಕೂಗಿಸ್ಕೊಂಡವ್ರಿಗೆ ರುಮಾಲು ಕೊಡ್ತಾರೋ, ಧೋತರ ಕೊಡ್ತಾರೋ?" ಎಂದೆ.

"ಏನೂ ಇಲ್ಲ. ಬರೇ ಕೂಗ್ತಾರ."

ಅಷ್ಟಕ್ಕೇ ವರ್ಷವರ್ಷ ಬಸ್ಸಿನ ಧೂಳು ಕುಡಿಯುವ ಅಣ್ಣನನ್ನು ಕಂಡು ನಾವೆಲ್ಲ ನಗುತ್ತಿದ್ದೆವು. ತಿರುಗಿ ಬಂದಾಗ ಮಾತ್ರ ಯಾರೂ ಕೇಳುತ್ತಿರಲಿಲ್ಲ. ಮುಖವೇ ಹೇಳುತ್ತಿತ್ತು. "ಪುಸ್ತಕ ಹಡಗಿನ್ಯಾಗ ಬರ್ತಾವ, ತಡ ಆಗ್ತದ," ಎಂದು ಅವನೇ ಸಮಾಧಾನ ಹೇಳುತ್ತಿದ್ದ, ನಮಗೆ.

ನಾಲ್ಕಾರು ವರ್ಷ ಕಳೆದ ಮೇಲೆ ಅವನ ಮೂತ್ರಪಿಂಡ ಕೆಟ್ಟು ಕಲಬುರಗಿಯ ಆಸ್ಪತ್ರೆಗೆ ಸೇರಿಸಿದರು. ನಾನು ಗಂಡನ ಮನೆಯಿಂದ, ಕರಜಗಿಯಿಂದ ಬಂದು ಜೊತೆಗಿದ್ದೆ. ದೀಪಾವಳಿ ಮುಗಿದ ಮರುದಿನ ಅಣ್ಣ ಒಂದು ಚೀಟಿ ಕೊಟ್ಟ. ಅದರಲ್ಲಿ ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ ನಮ್ಮ ಅಡ್ಡಹೆಸರು, ಇಜೇರಿ; ಕೆಳಗೆ ನೋಡಬೇಕಾದ ವರ್ಷ. "ಹೋಗಿ ನೋಡಿ ಬರ್ತೀ?"

ನಾನು ಎಸ್ಸೆಸ್ಸೆಲ್ಸಿಯ ಇಂಗ್ಲಿಷಿನಲ್ಲಿ ಮೂವತ್ತೈದು ಅಂಕ ಪಡೆದವಳು. ಆ ಮೂವತ್ತೈದರ ಗರ್ವ ಹೊತ್ತುಕೊಂಡೇ ಹೋದೆ. ಯಾವ ವರ್ಷದ್ದೆಂದು ಹೇಳಿದೊಡನೆ ಅಲ್ಲಿದ್ದವರು ಒಂದು ಸಾಲು ತೋರಿಸಿದರು. ತುದಿಯಲ್ಲಿದ್ದ, ಬೀಸುಕಲ್ಲಿನಷ್ಟು ಭಾರದ ಪುಸ್ತಕ ಇಳಿಸಿಕೊಂಡೆ. ಅಕ್ಷರಗಳು ಎಳ್ಳಿನ ಗಾತ್ರ. ಬೆರಳಿಟ್ಟುಕೊಂಡು ಮೂರು ಸಲ ನೋಡಿದೆ. ಬೇರೆ ಏನೂ ಕೇಳಲಿಲ್ಲ. ಕೇಳಿದರೆ ಓದು ಬಾರದವಳು ಅಂದಾರೆಂದು ನಾಚಿಕೆ.

"ಇಲ್ಲ ಅಣ್ಣಾ."

"ಸರೀ ನೋಡಿದೇನ್ ಬೇ?"

"ಮೂರ್ ಸಲ ನೋಡೇನಿ."

ಅಣ್ಣ ಚೀಟಿ ಇಸಿದುಕೊಂಡು ಮಡಿಚಿ ತಲೆದಿಂಬಿನ ಕೆಳಗಿಟ್ಟ. ಆಮೇಲೆ ಅಂದ, "ಭಾಳ ಸಣ್ಣ ಅಕ್ಷರ ಇರ್ತಾವ. ಸುಮ್ನ ಕಣ್ಣು ನೋಯಿಸ್ಕೊಂಡಿ." ಅದಾದ ಒಂಬತ್ತನೆಯ ದಿನ ತೀರಿಕೊಂಡ.

ತೊಂಬತ್ತರ ದಶಕದಲ್ಲಿ ನೀಲಾಳ ಎಂಎಸ್ಸಿ ಪ್ರವೇಶಕ್ಕೆಂದು ಅದೇ ವಿಶ್ವವಿದ್ಯಾಲಯಕ್ಕೆ ಹೋದೆವು. ಅವಳು ಸಾಲಿನಲ್ಲಿ ನಿಂತಿದ್ದಳು. ನನ್ನ ಕಾಲುಗಳು ಗ್ರಂಥಾಲಯದ ಕಡೆ ನಡೆದವು. ಅಣ್ಣನ ಚೀಟಿಯಲ್ಲಿದ್ದ ವರ್ಷ ಹೇಳಿದೆ. ಅಲ್ಲಿದ್ದ ಹೆಣ್ಣುಮಗಳು ಕೇಳಿದಳು, "ಯಾವುದು ಬೇಕ್ರಿ? ಆ ವರ್ಷ ಬರದವ್ರದೋ, ಉಲ್ಲೇಖ ಆದವ್ರದೋ?"

ಅಂದು ನಾನು ನೋಡಿದ್ದು ಮದುವೆ ಮಾಡಿದವರ ಪುಸ್ತಕ. ಆ ವರ್ಷ ಏನೂ ಬರೆಯದ ಅಣ್ಣ ಅದರಲ್ಲಿ ಹೇಗಿದ್ದಾನು? ಇನ್ನೊಂದನ್ನು ತೆರೆದೆ. ಇಜೇರಿ ಇತ್ತು. ಅದರ ಕೆಳಗೆ ಎರಡು ಸಾಲು, ಎರಡು ಪರದೇಶದ ಹೆಸರು. ಎಲ್ಲಿಯವರೋ ಇಬ್ಬರು ನರೋಣಾದ ಸತ್ತ ಗಿಡಗಳ ಸುದ್ದಿ ಓದಿ ಅಣ್ಣನ ಹೆಸರು ಕೂಗಿದ್ದರು.

ಅಷ್ಟರಲ್ಲಿ ನೀಲಾ ಓಡಿಬಂದಳು, "ಅತ್ತಿ, ಸೀಟ್ ಸಿಕ್ತು!" ಪುಸ್ತಕ ಮುಚ್ಚಿದೆ. ಆ ದಿನ ಹೇಗೆ ಹೇಳಲಿ? ಆ ದಿನ ಹೇಳದ ಮಾತು ಮರುದಿನ ಇನ್ನಷ್ಟು ಭಾರವಾಯಿತು. ಹಾಗೆಯೇ ವರ್ಷಗಳು ಹೋದವು.

ಮೊನ್ನೆ ಎಲ್ಲ ಹೇಳಿದೆ. ನಿನ್ನ ತಪ್ಪಿಲ್ಲ ಅತ್ತಿ ಎಂದು ಅವಳು ಎಲ್ಲಿ ಅಂದುಬಿಡುತ್ತಾಳೋ ಎಂಬ ಹೆದರಿಕೆ ನನಗೆ. ಅವಳು ಅನ್ನಲಿಲ್ಲ. ಅರ್ಜಿಯನ್ನು ಬದಿಗೆ ಸರಿಸಿ, "ಅಪ್ಪಾಗ ಗೊತ್ತs ಆಗ್ಲಿಲ್ಲಲ್ಲ," ಎಂದಳು.

"ಇಲ್ಲವ್ವಾ," ಎಂದೆ.

ಇಷ್ಟು ವರ್ಷ ನಾನು ಅತ್ತದ್ದು ನನ್ನ ತಪ್ಪಿಗೆ. ಅವಳ ಪಕ್ಕದಲ್ಲಿ ಕೂತು ಅಂದು ಮೊದಲ ಸಲ ಅಣ್ಣನಿಗಾಗಿ ಅತ್ತೆ.